ಜೆಸ್ಸಿಬಾಯಿಯ ಲೈನ್ ಕ್ಲಿಯರ್

ನೇತ್ರಾವತಿಯ ದಂಡೆಯ ಜೆಪ್ಪಿನಲ್ಲಿ ಹುಟ್ಟಿ ಬೆಳೆದವರಿಗೆ ರೈಲ್ವೆ ಗೇಟಿನ ಮೇಲೆ ಒಂದು ಹಳೆಯ ಸಿಟ್ಟು ಇರುತ್ತದೆ. ಪೌಲ್ ಲೋಬೊ ಅವರಿಗೂ ಇತ್ತು. ಶಾಲೆಗೆ ತಡ ಮಾಡಿಸಿದ್ದು ಆ ಗೇಟು, ಮೊದಲ ಇಂಟರ್‌ವ್ಯೂ ತಪ್ಪಿಸಿದ್ದು ಆ ಗೇಟು, ಸ್ವಂತ ಮದುವೆಯ ದಿನ ಇಗರ್ಜಿಗೆ ಮುಕ್ಕಾಲು ಗಂಟೆ ತಡವಾಗಿ ತಲುಪಿಸಿದ್ದೂ ಅದೇ ಗೇಟು. (ಆ ಮುಕ್ಕಾಲು ಗಂಟೆಯಲ್ಲಿ ಮನಸ್ಸು ಬದಲಾಯಿಸುವ ಅವಕಾಶ ತನಗಿತ್ತು ಎಂದು ಹೆಂಡತಿ ಜೆಸ್ಸಿಬಾಯಿ ಈಗಲೂ ಹೇಳುವುದುಂಟು.) ಇಂಥ ಮನುಷ್ಯ ಬಹರೈನಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ನಿವೃತ್ತರಾಗಿ ಊರಿಗೆ ಬಂದು, ತಮ್ಮ ಮನೆಯ ಹಾಲಿನಲ್ಲಿ ಮಾಡಿದ ಮೊದಲ ಕೆಲಸವೆಂದರೆ ಒಂದು ರೈಲ್ವೆ ಗೇಟು ಕಟ್ಟಿದ್ದು.

ಗೇಟು ಗೇಣುದ್ದದ್ದು, ನಿಜ. ಆದರೆ ಗೇಟು ಅಂದಮೇಲೆ ಹಳಿ ಬೇಕು, ಹಳಿ ಅಂದಮೇಲೆ ಸ್ಟೇಷನ್ ಬೇಕು, ಸ್ಟೇಷನ್ ಅಂದಮೇಲೆ ನೇತ್ರಾವತಿಯ ಸೇತುವೆ ಬಿಡಲಾಗುತ್ತದೆಯೇ? ಹೀಗೆ ಬೆಳೆಯುತ್ತಾ ಬೆಳೆಯುತ್ತಾ ಹತ್ತಡಿ ಉದ್ದ ಐದಡಿ ಅಗಲದ ಪ್ಲೈವುಡ್ ಮೇಜೊಂದು ಹಾಲಿನ ಮುಕ್ಕಾಲು ಭಾಗವನ್ನು ಆಕ್ರಮಿಸಿಕೊಂಡು, ಅದರ ಸ್ಟೇಷನ್ ಇರುವ ತುದಿ ಗೋಡೆಯ ಮೇಲಿನ, ಮರಿಯ ಮಾತೆಯ ಪಟವಿರುವ ದೇವರ ಪೀಠದ ಬುಡಕ್ಕೇ ತಾಗಿ ನಿಂತಿತು. ಅದರ ಮೇಲೆ ಎರಡು ರೈಲುಗಳು. ಒಂದು ನೀಲಿ ಪ್ಯಾಸೆಂಜರ್. ಇನ್ನೊಂದು ಕಪ್ಪು ಎಂಜಿನ್ನಿನ ಗೂಡ್ಸ್; ಪೌಲರು ಅದನ್ನು ಪ್ರೀತಿಯಿಂದ ಕರಿಯ ಎನ್ನುತ್ತಿದ್ದರು. ಬಹರೈನಿನ ಒಂಟಿ ಕೋಣೆಯಲ್ಲಿ ಪ್ರತಿ ಶುಕ್ರವಾರ ಕೂತು ಈ ರೈಲುದಾರಿಯ ನಕ್ಷೆಯನ್ನು ಕಾಗದದ ಮೇಲೆ ಎಷ್ಟು ಸಲ ಬರೆದಿದ್ದರೋ ಅವರಿಗೇ ಲೆಕ್ಕವಿಲ್ಲ. ಈಗ ಅದು ಕಣ್ಣೆದುರು ಓಡುವುದನ್ನು ನೋಡುವಾಗ ಅರುವತ್ತೆರಡರ ಮನುಷ್ಯನಿಗೆ ಎದೆ ತುಂಬಿ ಬರುತ್ತಿತ್ತು.

ಜೆಸ್ಸಿಬಾಯಿಗೂ ಎದೆ ತುಂಬಿ ಬರುತ್ತಿತ್ತು, ಬೇರೆ ಕಾರಣಕ್ಕೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಕೊನೆಗೆ ವಾರ್ಡಿನ ಸಿಸ್ಟರ್ ಆಗಿ ನಿವೃತ್ತರಾದ ಹೆಂಗಸು. ನಾಲ್ವತ್ತು ಹಾಸಿಗೆಗಳ ನಡುವೆ ಸಲೀಸಾಗಿ ನಡೆದವರು ಈಗ ಸ್ವಂತ ಹಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಿತ್ತು. ಅದನ್ನೂ ಸಹಿಸಿದರು. ಆದರೆ ಸೆಪ್ಟೆಂಬರಿನ ಒಂದು ಶನಿವಾರ ಸಹಿಸಲಾಗದ್ದು ನಡೆಯಿತು.

ಮರುದಿನ ಜೆಸ್ಸಿಬಾಯಿಯ ಹುಟ್ಟುಹಬ್ಬ. ಊಟಕ್ಕೆ ಪಕ್ಕದ ಓಣಿಯ ಮಟಿಲ್ಡಾಬಾಯಿ ಬರುವವರಿದ್ದರು. ಎಪ್ಪತ್ತೆಂಟು ವರ್ಷದ, ಇಗರ್ಜಿಗೆ ಸೇರಿದ ಆ ಕೇರಿಯ, ಅಂದರೆ ವಾಡೆಯ, ಎಲ್ಲಾ ಮನೆಗಳಲ್ಲೂ ಪ್ರಾರ್ಥನೆ ನಡೆಸಿಕೊಡುವ, ಯಾರೂ ಎದುರು ಮಾತಾಡದ ಹಿರಿಯ ಜೀವ. ಅವರಿಗಾಗಿ, ಇಡ್ಲಿಯ ಹಾಗೆ ಹಬೆಯಲ್ಲಿ ಬೇಯುವ ಸಾನ್ನಾಂ ಮಾಡಲು ಹಿಟ್ಟು ಕಲಸಿ, ಉಬ್ಬಲಿ ಎಂದು ಪಾತ್ರೆಯನ್ನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದರು. ಆ ಹೊತ್ತಿಗೆ ಸರಿಯಾಗಿ ಸೇತುವೆಯ ತಿರುವಿನಲ್ಲಿ ಪ್ಯಾಸೆಂಜರಿನ ಬೆನ್ನಿಗೆ ಗೂಡ್ಸ್ ಗುದ್ದಿತು. ಪ್ಯಾಸೆಂಜರಿನ ಕೊನೆಯ ಎರಡು ಡಬ್ಬಿಗಳು ನೇತ್ರಾವತಿಗೆ ಬೀಳುವ ಬದಲು ಹಿಟ್ಟಿಗೆ ಬಿದ್ದವು. ಪೌಲರು ಯಾರಿಗೂ ಗೊತ್ತಾಗದಂತೆ ಡಬ್ಬಿಗಳನ್ನು ಎತ್ತಿ, ತೊಳೆದು, ಒರೆಸಿ ಇಟ್ಟರು. ಎಂಟು ಚಕ್ರಗಳಲ್ಲಿ ಏಳು ಮಾತ್ರ ಇರುವುದು ಅವರ ಗಮನಕ್ಕೆ ಬರಲಿಲ್ಲ. ಎಂಟನೆಯದು ಮರುದಿನ ಮಟಿಲ್ಡಾಬಾಯಿಯ ಹಲ್ಲಿನ ಸೆಟ್ಟಿಗೆ ಸಿಕ್ಕಿತು.

(ಮುಂದೆ ಬರುವ ಮಾತುಕತೆ ನಡೆದದ್ದು ಕೊಂಕಣಿಯಲ್ಲಿ. ಕನ್ನಡಕ್ಕೆ ಬರುವ ದಾರಿಯಲ್ಲಿ ಒಂದೆರಡು ಬೈಗುಳಗಳು ಇಳಿದು ಹೋಗಿವೆ.)

“ಪೌಲ್, ಇದು ಹಾಲಾ, ಜಂಕ್ಷನ್ನಾ?” ಅತಿಥಿಗಳು ಹೋದಮೇಲೆ ಜೆಸ್ಸಿಬಾಯಿ ಕೇಳಿದರು.

“ಒಂದು ಸಣ್ಣ ಆಕ್ಸಿಡೆಂಟ್ ಮಾರಾಯ್ತಿ. ನಿಜವಾದ ರೈಲಿಗೂ ಆಗ್ತದೆ.”

“ನಿಜವಾದ ರೈಲು ನನ್ನ ಹಿಟ್ಟಿಗೆ ಬೀಳುವುದಿಲ್ಲ. ಮಟಿಲ್ಡಾಬಾಯಿ ಆ ಚಕ್ರವನ್ನು ತಟ್ಟೆಯ ಬದಿಯಲ್ಲಿ ಇಟ್ಟು, ‘ಜೆಸ್ಸಿ, ನಿನ್ನ ಸಾನ್ನಾಂಗೆ ಮೊದಲು ಚಕ್ರ ಇರಲಿಲ್ಲ’ ಅಂತ ಹೇಳಿದ್ದು ಕೇಳಿದಿರಾ? ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅಂತ ಆಯ್ತು. ಇದೆಲ್ಲ ಹಿಂದಿನ ಶೆಡ್ಡಿಗೆ ಹೋಗಲಿ.”

ಹಿಂದಿನ ಶೆಡ್ಡೆಂದರೆ ತೆಂಗಿನ ಸಿಪ್ಪೆ, ಹಳೆಯ ತಗಡು, ಎರಡು ಸಂಸಾರ ಇಲಿಗಳು. ಜೂನ್ ಬಂದರೆ ಅಲ್ಲಿ ಮೀನು ಸಾಕಬಹುದು. ಒಂದೇ ಮಳೆಗಾಲಕ್ಕೆ ಹಳಿ ತುಕ್ಕು ಹಿಡಿದು, ಪ್ಲೈವುಡ್ ಹಪ್ಪಳವಾಗಿ, ಇಪ್ಪತ್ತಾರು ವರ್ಷದ ಶುಕ್ರವಾರಗಳೆಲ್ಲ ಇಲಿಗಳ ಪಾಲಾಗುತ್ತವೆ. ಪೌಲರು ಒಂದು ಅವಕಾಶ ಕೇಳಿದರು. ಕೇಳಿದ್ದು ಅನ್ನುವುದಕ್ಕಿಂತ ಬೇಡಿದ್ದು ಅಂದರೇ ಸರಿ.

“ಆಯ್ತು,” ಎಂದರು ಜೆಸ್ಸಿಬಾಯಿ. “ಅಕ್ಟೋಬರ್ ತಿಂಗಳು ತೇರ್ಸಿನ ತಿಂಗಳು, ಜಪಮಾಲೆಯ ತಿಂಗಳು. ಮನೆಯಿಂದ ಮನೆಗೆ ಹೋಗುವ ಮಾತೆಯ ಪ್ರತಿಮೆ ಹದಿನೇಳಕ್ಕೆ ನಮ್ಮ ಮನೆಗೆ ಬರ್ತದೆ, ವಾಡೆಯವರೆಲ್ಲ ಜಪಮಾಲೆಗೆ ಬರ್ತಾರೆ. ತೇರ್ಸ್ ಮುಗಿದ ಮೇಲೆ ಮಟಿಲ್ಡಾಬಾಯಿಯ ಎದುರು ಎರಡೂ ರೈಲು ಓಡಿಸಿ ತೋರಿಸಿ. ಡಿಕ್ಕಿ ಆಗಬಾರದು. ಅವರು ಇರಲಿ ಅಂದರೆ ಇರಲಿ, ಬೇಡ ಅಂದರೆ ಶೆಡ್ಡು. ಮತ್ತೆ ನನ್ನತ್ರ ಮಾತಾಡ್ಲಿಕ್ಕಿಲ್ಲ.”

ಪೌಲರಿಗೆ ಆನೆಬಲ ಬಂತು. ಯಾಕೆಂದರೆ ಅವರು ಬಹರೈನಿನಲ್ಲಿ ನೋಡಿಕೊಳ್ಳುತ್ತಿದ್ದದ್ದು ಲಿಫ್ಟುಗಳನ್ನು. ಲಿಫ್ಟಿನ ಬಾಗಿಲಲ್ಲಿ ಮನುಷ್ಯರು ನಿಂತಿದ್ದರೆ ಬಾಗಿಲು ಮುಚ್ಚದಂತೆ ತಡೆಯುವ ಇನ್‌ಫ್ರಾರೆಡ್ ಕಣ್ಣುಗಳನ್ನು ಜೋಡಿಸುವುದೇ ಅವರ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಅವರ ಬಾಗಿಲಿನ ನಡುವೆ ಅಪ್ಪಚ್ಚಿಯಾದದ್ದಿಲ್ಲ. ಅಂಥವರಿಗೆ ಎರಡು ಆಟದ ರೈಲು ಯಾವ ಲೆಕ್ಕ?

ವಾರದೊಳಗೆ ಪಾರ್ಸೆಲ್ ಬಂತು. ಹಳಿಯ ನಡುವೆ ಹನ್ನೊಂದು ಕಡೆ ತೂತು ಕೊರೆದು, ಪ್ರತಿಯೊಂದರಲ್ಲೂ ಕಡಲೆಬೇಳೆಯಷ್ಟು ದೊಡ್ಡ ಎರಡು ಬಲ್ಬುಗಳನ್ನು ಕೂರಿಸಿದರು. ಒಂದು ಬಲ್ಬು ಕಣ್ಣಿಗೆ ಕಾಣದ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಮೇಲೆ ರೈಲು ನಿಂತಿದ್ದರೆ ಆ ಬೆಳಕು ಅದರ ಹೊಟ್ಟೆಗೆ ಬಡಿದು ವಾಪಸು ಬರುತ್ತದೆ. ಇನ್ನೊಂದು ಬಲ್ಬು ಅದನ್ನು ಹಿಡಿದು, “ಇಲ್ಲಿ ರೈಲುಂಟು” ಎಂದು ಮೇಜಿನ ಬದಿಯ ಕಂಟ್ರೋಲ್ ಪೆಟ್ಟಿಗೆಗೆ ಹೇಳುತ್ತದೆ. ಕೂಡಲೇ ಹಿಂದಿನ ಸಿಗ್ನಲ್ ಕೆಂಪಾಗಿ, ಹಿಂದಿನ ಹಳಿಗೆ ಕರೆಂಟು ನಿಂತು, ಹಿಂದಿನ ರೈಲು ಇದ್ದಲ್ಲೇ ನಿಲ್ಲುತ್ತದೆ.

ಇದನ್ನೆಲ್ಲ ನೋಡಲು ಪ್ರತಿ ಸಂಜೆ ಪಕ್ಕದ ಕಂಪೌಂಡಿನಿಂದ ಯಜ್ಞನಾರಾಯಣ ರಾಯರು ಬರುತ್ತಿದ್ದರು. ರಾಯರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ನಿಜವಾದ ರೈಲುಗಳಿಗೆ ಬಾವುಟ ತೋರಿಸಿದ ಕೈ ಅದು. ಹಾಗಾಗಿ ಪೌಲರ ರೈಲಿನ ಬಗ್ಗೆ ಅವರಿಗೆ ಪ್ರೀತಿಯೂ ಇತ್ತು, ಸಣ್ಣದೊಂದು ತಾತ್ಸಾರವೂ ಇತ್ತು.

“ಪೊರ್ಬುಗಳೇ, ಈ ಬಲ್ಬು ಗಿಲ್ಬು ಎಲ್ಲ ಬೇಡ,” ಎಂದರು ರಾಯರು, ಊರಿನ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ರೀತಿಯಲ್ಲಿ. “ನಮ್ಮ ಕಾಲದಲ್ಲಿ ಮುಂದಿನ ಸ್ಟೇಷನ್ನಿನವ ದಾರಿ ಖಾಲಿ ಉಂಟು ಅಂತ ಲೈನ್ ಕ್ಲಿಯರ್ ಕೊಡಬೇಕಿತ್ತು. ಆಮೇಲೆ ನಾನು ಒಂದು ಕಬ್ಬಿಣದ ಗುಂಡು ತೆಗೆದು ಡ್ರೈವರನ ಕೈಗೆ ಕೊಡ್ತಿದ್ದೆ. ಗುಂಡು ಕೈಗೆ ಬಾರದೆ ಅವ ಒಂದು ಇಂಚು ಮುಂದೆ ಹೋಗುವ ಹಾಗಿಲ್ಲ. ಯಂತ್ರ ಎಷ್ಟಿದ್ದರೂ ಲೈನ್ ಕ್ಲಿಯರ್ ಮನುಷ್ಯರೊಬ್ಬರು ಕೊಡಬೇಕು.”

“ಇನ್‌ಫ್ರಾರೆಡ್ ಮನುಷ್ಯರಿಗಿಂತ ಹುಷಾರು ರಾಯರೇ.”

ಚಹಾ ತಂದ ಜೆಸ್ಸಿಬಾಯಿಗೆ ರಾಯರು ವಿವರಿಸಿದರು. ಯಾವುದನ್ನೇ ಆಗಲಿ ಶುದ್ಧ ಕನ್ನಡದಲ್ಲಿ ಹೇಳದಿದ್ದರೆ ರಾಯರಿಗೆ ಊಟ ಸೇರುವುದಿಲ್ಲ. “ಇದಕ್ಕೆ ಕನ್ನಡದಲ್ಲಿ ಅವಕೆಂಪು ಅಂತ ಹೇಳ್ತಾರೆ ಬಾಯಮ್ಮ.”

“ಅವ ಕೆಂಪಾ? ಯಾವ ಅವ?”

“ಅವ ಅಲ್ಲ, ಅವಕೆಂಪು. ಕೆಂಪಿಗಿಂತ ಕೆಳಗಿನದ್ದು. ಕಣ್ಣಿಗೆ ಕಾಣುವುದಿಲ್ಲ.”

“ಕಣ್ಣಿಗೇ ಕಾಣದವ ಕೆಂಪು ಅಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿ ಜೆಸ್ಸಿಬಾಯಿ ಪೌಲರ ಕಡೆ ತಿರುಗಿದರು. “ನನಗೆ ಗೊತ್ತುಂಟು ನಿಮ್ಮ ಇನ್‌ಫ್ರಾರೆಡ್. ಕೊರೋನದ ಸಮಯ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಸಾವಿರ ಜನರ ಹಣೆಗೆ ಹಿಡಿದಿದ್ದೇನೆ. ಮೈ ಬಿಸಿ ಇದ್ದರೆ ಅವ ಹಿಡೀತಾನೆ. ಅಷ್ಟೇ ಅಲ್ವಾ?”

“ಅದು ಬೇರೆ, ಇದು ಬೇರೆ,” ಎಂದರು ಪೌಲರು. ಆ ಮಾತನ್ನು ಇನ್ನೂ ಸ್ವಲ್ಪ ಯೋಚಿಸಿ ಹೇಳಬಹುದಿತ್ತು ಎಂದು ಅವರಿಗೆ ಅನ್ನಿಸಿದ್ದು ಅಕ್ಟೋಬರ್ ಹದಿನೇಳರಂದು. ಅಂತೂ ಅಂದಿನಿಂದ ಆ ಮನೆಯಲ್ಲಿ ಆ ಯಂತ್ರಕ್ಕೆ ‘ಅವ’ ಎಂದೇ ಹೆಸರಾಯಿತು. “ಅವ ಇವತ್ತು ಎಂತ ಹೇಳ್ತಾನೆ?” ಎಂದು ಜೆಸ್ಸಿಬಾಯಿ ಹೊಸ ಅಳಿಯನನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು.

ಅವ ಮೊದಲ ದಿನ ಹೇಳಿದ್ದು, ಕರಿಯ ಇಲ್ಲವೇ ಇಲ್ಲ ಎಂದು. ನೀಲಿ ಪ್ಯಾಸೆಂಜರನ್ನು ಚೆನ್ನಾಗಿ ಗುರುತಿಸಿದ ಯಂತ್ರ, ಕಪ್ಪು ಎಂಜಿನ್ ನೆತ್ತಿಯ ಮೇಲೆ ನಿಂತರೂ ಕಾಣದಂತೆ ಮಲಗಿತು. ಕಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ, ವಾಪಸು ಕೊಡುವುದಿಲ್ಲ. ಪೌಲರು ಎರಡು ದಿನ ತಲೆಕೆಡಿಸಿಕೊಂಡು, ಕೊನೆಗೆ ಹೆಂಡತಿಯ ಔಷಧದ ಡಬ್ಬಿಯಿಂದ ಬಿಳಿ ಪ್ಲಾಸ್ಟರ್ ಕದ್ದು ಕರಿಯನ ಹೊಟ್ಟೆಗೆ ಉದ್ದಕ್ಕೆ ಅಂಟಿಸಿದರು. ಕೂಡಲೇ ಕಾಣಿಸಿತು. ರಾಯರು ಎಂಜಿನ್ನನ್ನು ಮಗುಚಿ ನೋಡಿ, “ಗಾಡಿಗೆ ಅಪೆಂಡಿಕ್ಸ್ ಆಪರೇಶನ್ ಆಯ್ತಾ?” ಎಂದು ಕೇಳಿದರು. ಅಂದಿನಿಂದ ಎರಡು ವಾರ ರೈಲುಗಳು ದಿನವಿಡೀ ಓಡಿದವು. ಒಂದೇ ಒಂದು ಡಿಕ್ಕಿ ಇಲ್ಲ.

ಹದಿನೇಳನೆಯ ತಾರೀಕು ಬಂತು. ಸಂಜೆ ಆರೂವರೆಗೆ ಮಾತೆಯ ಪ್ರತಿಮೆಯನ್ನು ಹಾಡುತ್ತಾ ಕರೆತಂದು, ಸ್ಟೇಷನ್ನಿನ ಪಕ್ಕದಲ್ಲೇ, ಪೀಠದ ಕೆಳಗೆ ಹೂವಿನ ನಡುವೆ ಇಟ್ಟರು. ಬೇರೆಲ್ಲೂ ಜಾಗವಿರಲಿಲ್ಲ. ಇಪ್ಪತ್ತೈದು ಜನ ಮೇಜಿನ ಸುತ್ತ ಗೋಡೆಗಂಟಿ ಕುಳಿತರು. ಮಟಿಲ್ಡಾಬಾಯಿ ಮುಂದಿನ ಕುರ್ಚಿಯಲ್ಲಿ ಕುಳಿತು, ಮೊದಲು ಮಾತೆಗೆ ನಮಸ್ಕರಿಸಿ, ಆಮೇಲೆ ಪ್ಯಾಸೆಂಜರ್ ರೈಲಿನ ಚಕ್ರಗಳ ಮೇಲೆ ದೃಷ್ಟಿ ಇಟ್ಟರು. ಪೌಲರು ಕೊನೆಯದೊಂದು ಪರೀಕ್ಷೆ ಎಂದು ಸದ್ದಿಲ್ಲದೆ ಸ್ವಿಚ್ ಹಾಕಿದ್ದರು. ಪ್ಯಾಸೆಂಜರ್ ಸೇತುವೆಯ ಮೇಲಿತ್ತು, ಕರಿಯ ಗೇಟಿನ ಹತ್ತಿರವಿದ್ದ. ಎಲ್ಲವೂ ಸೊಗಸಾಗಿ ಓಡುತ್ತಿತ್ತು.

ಜೆಸ್ಸಿಬಾಯಿ ಪ್ರತಿಮೆಯ ಎರಡೂ ಬದಿಗೆ ಸಾಲಾಗಿ ಇಟ್ಟಿದ್ದ ದಪ್ಪ ಮೇಣದಬತ್ತಿಗಳನ್ನು ಹಚ್ಚಿದರು. ಮಾಮೂಲಿ ದಿನಗಳಲ್ಲಿ ಪೀಠದ ಮೇಲೆ ಉರಿಯುವುದು ಎಲ್‌ಇಡಿ ದೀಪ. ಇವತ್ತು ವಿಶೇಷ ದಿನವಾದ್ದರಿಂದ ಹನ್ನೆರಡು ಬತ್ತಿ.

ಹನ್ನೆರಡನೆಯದು ಹತ್ತಿಕೊಳ್ಳುವುದಕ್ಕೂ ರೈಲುಗಳು ನಿಲ್ಲುವುದಕ್ಕೂ ಸರಿಹೋಯಿತು. ಸಿಗ್ನಲ್‌ಗಳೆಲ್ಲ ಕೆಂಪು. ಗೇಟು ಬಿತ್ತು. ಪೆಟ್ಟಿಗೆಯ ಮೇಲಿನ ಹನ್ನೊಂದು ಪುಟ್ಟ ಕೆಂಪು ದೀಪಗಳೂ ಒಟ್ಟಿಗೆ ಹೊತ್ತಿಕೊಂಡವು. ಹನ್ನೊಂದು ಕಡೆಯೂ ರೈಲುಂಟು ಎಂದು ಯಂತ್ರ ಸಾಕ್ಷಿ ಹೇಳುತ್ತಿತ್ತು. ಪೌಲರು ಸ್ವಿಚ್ಚಿನ ಕಡೆ ಒಂದು ಹೆಜ್ಜೆ ಇಟ್ಟರು. “ಪೌಲ್, ಮೊಣಕಾಲೂರು,” ಎಂದರು ಮಟಿಲ್ಡಾಬಾಯಿ. ಪೌಲರು ಇದ್ದಲ್ಲೇ ಮೊಣಕಾಲೂರಿದರು. ಅವರಿಗೂ ಸ್ವಿಚ್ಚಿಗೂ ನಡುವೆ ವಾಡೆಯ ಅರ್ಧ ಜನ ಇದ್ದರು.

ಜಪಮಾಲೆ ಶುರುವಾಯಿತು. ಪೌಲರ ಬಾಯಿ ಜಪಿಸುತ್ತಿತ್ತು, ತಲೆ ಮೇಜಿನ ಅಡಿಯ ತಂತಿಗಳಲ್ಲಿ ಓಡಾಡುತ್ತಿತ್ತು. ಯಾವ ತಂತಿ ಬಿಟ್ಟಿತು, ಎಲ್ಲಿ ಶಾರ್ಟ್ ಆಯಿತು? ಮೂರನೆಯ ಹತ್ತು ಮಣಿಗಳನ್ನು ನಡೆಸಿಕೊಡುವ ಸರದಿ ಮನೆಯ ಯಜಮಾನನದ್ದು. ಮಾತೆಗೆ ಹೇಳುವ ‘ನಮಾನ್ ಮರಿಯೆ’ ಪ್ರಾರ್ಥನೆಯನ್ನು ಹತ್ತು ಸಲ ಹೇಳಬೇಕು. ಪೌಲರು ಕಣ್ಣೆದುರಿನ ಕೆಂಪು ದೀಪಗಳನ್ನು ಒಂದೊಂದಾಗಿ ನೋಡುತ್ತಾ ಹೇಳಿದರು. ದೀಪ ಹನ್ನೊಂದಿದ್ದುದರಿಂದ ಹನ್ನೊಂದು ಸಲ ಹೇಳಿದರು. ಜೆಸ್ಸಿಬಾಯಿ ಕೆಮ್ಮಿದರು. ಮಟಿಲ್ಡಾಬಾಯಿ ಒಂದು ನಿಟ್ಟುಸಿರು ಬಿಟ್ಟರು. ಆ ಉಸಿರಿಗೆ ಬತ್ತಿಗಳ ಜ್ವಾಲೆ ಅಲುಗಿತು. ಅದರೊಟ್ಟಿಗೆ ಕೆಂಪು ದೀಪಗಳೂ ಪಿಳಿಪಿಳಿ ಎಂದವು.

ಪೌಲರಿಗೆ ಜ್ಞಾನೋದಯವಾಯಿತು. ಬೆಂಕಿ ಎಂದರೆ ಬಿಸಿ, ಬಿಸಿ ಎಂದರೆ ಇನ್‌ಫ್ರಾರೆಡ್. ಹನ್ನೆರಡು ಬತ್ತಿಗಳ ಆ ಕಾಣದ ಬೆಳಕು ಮೇಜಿನ ತುಂಬಾ ಹರಿದು, ಯಂತ್ರದ ಕಣ್ಣಿಗೆ ಎಲ್ಲೆಲ್ಲೂ ರೈಲೇ ರೈಲಾಗಿ ಕಾಣುತ್ತಿದೆ. ‘ಮೈ ಬಿಸಿ ಇದ್ದರೆ ಅವ ಹಿಡೀತಾನೆ’ ಎಂದು ಹೆಂಡತಿ ಹೇಳಿದ್ದೂ ನೆನಪಾಗಿ ಸ್ವಲ್ಪ ಮುಜುಗರವಾಯಿತು. ಅದರ ಬೆನ್ನಿಗೇ ಭಯ. ತೇರ್ಸ್ ಮುಗಿದ ಕೂಡಲೇ ಬತ್ತಿ ಆರಿಸುತ್ತಾರೆ. ಆರಿಸಿದ ಕೂಡಲೇ ಎರಡೂ ರೈಲು ಒಟ್ಟಿಗೆ ಹೊರಡುತ್ತವೆ. ಮಾತೆಯ ಕಾಲ ಬುಡದಲ್ಲಿ, ಮಟಿಲ್ಡಾಬಾಯಿಯ ಮೂಗಿನ ಕೆಳಗೆ ಡಿಕ್ಕಿಯಾದರೆ ಶೆಡ್ಡಿಗೆ ಹೋಗುವುದು ರೈಲು ಮಾತ್ರವಲ್ಲ, ತಾನೂ ಹೋಗಬೇಕು. ಅವರು ತಮ್ಮ ಆಯುಷ್ಯದಲ್ಲೇ ಮೊದಲ ಸಲ, ಪ್ರಾರ್ಥನೆ ಬೇಗ ಮುಗಿಯದಿರಲಿ ಎಂದು ಪ್ರಾರ್ಥಿಸಿದರು.

ಪ್ರಾರ್ಥನೆ ಮುಗಿಯಿತು. ಹಾಡೂ ಮುಗಿಯಿತು. ಮಟಿಲ್ಡಾಬಾಯಿ ಎದ್ದು, ಒಂದೊಂದೇ ಬತ್ತಿಯನ್ನು ಆರಿಸುತ್ತಾ ಬಂದು, ಹನ್ನೆರಡನೆಯದನ್ನೂ ಉಫ್ ಎಂದರು.

ಸಿಗ್ನಲ್ ಹಸುರಾಯಿತು. ನೀಲಿ ಪ್ಯಾಸೆಂಜರ್ ಸೇತುವೆಯಿಂದ ನಿಧಾನವಾಗಿ ಇಳಿದು, ಮಾತೆಯ ಪಾದದ ಬಳಿಯ ಸ್ಟೇಷನ್ನಿಗೆ ಬಂದು ನಿಂತಿತು. ಅದು ನಿಂತದ್ದನ್ನು ನೋಡಿ ಕರಿಯ ಹಿಂದಿನ ಸಿಗ್ನಲ್ಲಿನಲ್ಲಿ ಮರ್ಯಾದೆಯಿಂದ ಕಾದ. ಪ್ಯಾಸೆಂಜರ್ ಹೊರಟ ಮೇಲೆ ತಾನೂ ಬಂದ. ಗೇಟು ಎದ್ದಿತು. ಡಿಕ್ಕಿ ಇಲ್ಲ, ಸದ್ದಿಲ್ಲ. ಮಟಿಲ್ಡಾಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನೋಡಿದಿರಾ? ತೇರ್ಸ್ ಮುಗಿಯುವ ತನಕ ಎರಡೂ ಕಾದದ್ದು. ನಮ್ಮ ಮಕ್ಕಳಿಗೆ ಮೊಬೈಲ್ ನಿಲ್ಲಿಸ್ಲಿಕ್ಕೆ ಗೊತ್ತಿಲ್ಲ, ಈ ರೈಲುಗಳಿಗೆ ಭಕ್ತಿ ಉಂಟು. ಜೆಸ್ಸಿ, ಇದು ಇಲ್ಲೇ ಇರಲಿ. ಮಾತೆಯ ಹತ್ತಿರ.”

ಜೆಸ್ಸಿಬಾಯಿ ಗಂಡನ ಮುಖ ನೋಡಿದರು. ಆ ನೋಟದಲ್ಲಿ ಸೋತ ಬೇಸರವಿರಲಿಲ್ಲ. ಮದುವೆಯ ದಿನ ಗೇಟು ದಾಟಿ ಬೆವತು ಬಂದ ವರನನ್ನು ನೋಡಿದಾಗ ಇದ್ದಂಥ ಒಂದು ನಗು ಇತ್ತು. ರೈಲು ಉಳಿಯಿತು. ಈಗ ಪೌಲರು ಮಾಡಬೇಕಾಗಿದ್ದದ್ದು ಇಷ್ಟೇ: ತಲೆ ತಗ್ಗಿಸಿ ಸುಮ್ಮನಿರುವುದು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಇಪ್ಪತ್ತಾರು ವರ್ಷ ಇನ್‌ಫ್ರಾರೆಡ್ ಜೊತೆ ಸಂಸಾರ ಮಾಡಿದ ಮನುಷ್ಯನಿಗೆ, ಅದರ ಕೀರ್ತಿ ಬೇರೆಯವರಿಗೆ ಹೋಗುವುದನ್ನು, ಅದು ಮಾತೆಗೇ ಹೋದರೂ, ನೋಡಿಕೊಂಡಿರಲು ಆಗಲಿಲ್ಲ. “ಅದು ಭಕ್ತಿ ಅಲ್ಲ ಮಟಿಲ್ಡಾಬಾಯಿ,” ಎಂದು ಮುಂದೆ ಬಂದರು. ಬೆಂಕಿಪೊಟ್ಟಣ ತೆಗೆದರು. ಬತ್ತಿ ಹಚ್ಚಿ ರೈಲು ನಿಲ್ಲಿಸಿದರು, ಆರಿಸಿ ಓಡಿಸಿದರು. ಹೀಗೆ ಏಳು ಸಲ. ವಾಡೆಯವರು ಕೇಕು ತಿನ್ನುತ್ತಾ ಮೂರನೆಯ ಸಲದ ತನಕ ನೋಡಿದರು.

“ಕಾರಣ ಎಂತದ್ದೇ ಇರಲಿ,” ಎಂದರು ಮಟಿಲ್ಡಾಬಾಯಿ, “ನಿಂತದ್ದು ನಿಂತದ್ದೇ. ಮಾತೆಗೆ ಬತ್ತಿ ಹಚ್ಚಿದರೆ ನಿಲ್ಲುವ ರೈಲು ಬೇರೆ ಯಾರ ಮನೆಯಲ್ಲಿ ಉಂಟು?”

ಏಳನೆಯ ಸಲದ ತನಕ ನೋಡಿದ್ದು ಜೆಸ್ಸಿಬಾಯಿ ಒಬ್ಬರೇ. ರೋಗಿಯ ಹತ್ತಿರ ಕೇಳುವ ಹಾಗೆ ಒಂದೊಂದೇ ಕೇಳಿದರು.

“ಹನ್ನೆರಡು ಕ್ಯಾಂಡಲ್ ಬೇಕಾ ಪೌಲ್, ಕಡಿಮೆ ಆದರೆ ಸಾಕಾ?”

“ಒಂದೇ ಸಾಕು. ಸ್ಟೇಷನ್ನಿನ ಹತ್ತಿರ ಇಟ್ಟರೆ ಸ್ಟೇಷನ್ನಿನ ಸೆನ್ಸರ್ ಮೋಸ ಹೋಗ್ತದೆ. ಅಲ್ಲಿ ರೈಲುಂಟು ಅಂತ ಗ್ರಹಿಸಿ ಹಿಂದಿನದ್ದೆಲ್ಲ ಸಾಲಾಗಿ ನಿಲ್ತದೆ,” ಎಂದು ಪೌಲರು ಉತ್ಸಾಹದಿಂದ ವಿವರಿಸಿದರು. ಹೆಂಡತಿ ಕೊನೆಗೂ ರೈಲಿನಲ್ಲಿ ಆಸಕ್ತಿ ತೋರಿಸಿದಳಲ್ಲ ಎಂದು ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಕ್ಯಾಂಡಲ್ ಎಲ್ಲಿ ಇಡಬೇಕೆಂದು ಪೆನ್ಸಿಲಿನಲ್ಲಿ ಗುರುತೂ ಹಾಕಿ ತೋರಿಸಿದರು.

ಮುಂದಿನ ಶನಿವಾರ ಸಂಜೆ ಪೌಲರು ಸ್ವಿಚ್ ಹಾಕಿದರು. ಕರಿಯ ಕದಲಲಿಲ್ಲ. ಸಿಗ್ನಲ್ ಕೆಂಪು. ನೋಡಿದರೆ ಪೀಠದ ಕೆಳಗೆ, ಪೆನ್ಸಿಲಿನ ಗುರುತಿನ ಮೇಲೆ ಸರಿಯಾಗಿ, ಒಂದು ಮೇಣದಬತ್ತಿ ಉರಿಯುತ್ತಿತ್ತು.

“ಜೆಸ್ಸಿ, ಇವತ್ತು ಎಂತ ವಿಶೇಷ?”

“ಮಾತೆಗೆ ಒಂದು ಹರಕೆ ಹೇಳಿದ್ದೆ.”

“ಎಂತ ಹರಕೆ?”

“ಬಂಗುಡೆ ಬೇಗ ಕ್ಲೀನ್ ಆಗಲಿ ಅಂತ.”

ಪೌಲರು ಬತ್ತಿಯನ್ನು ನೋಡಿದರು. ಉಫ್ ಎಂದರೆ ಮುಗಿಯಿತು. ಆದರೆ ಮಾತೆಯ ಮುಂದಿನ ಬತ್ತಿಯನ್ನು ಆಟದ ರೈಲಿಗಾಗಿ ಆರಿಸುವ ಧೈರ್ಯ ಜೆಪ್ಪಿನ ಯಾವ ಗಂಡಸಿಗೆ ಉಂಟು? ಅವರು ಬೇರೆ ದಾರಿ ಹಿಡಿದರು. “ಈ ಸೆನ್ಸರ್ ಸರಿ ಇಲ್ಲ ಜೆಸ್ಸಿ. ನಮ್ಮ ಲಿಫ್ಟಿನಲ್ಲಿ ಇದ್ದಂಥದ್ದು ತರಿಸ್ತೇನೆ. ಅದು ಬೆಂಕಿಗೆ, ಬಿಸಿಲಿಗೆ ಯಾವುದಕ್ಕೂ ಮೋಸ ಹೋಗುವುದಿಲ್ಲ.”

“ತರಿಸಿ ಅಲ್ವಾ. ಆದರೆ ಮಟಿಲ್ಡಾಬಾಯಿ ಇದನ್ನು ಇಲ್ಲಿ ಇರಲಿ ಅಂದದ್ದು ಮಾತೆಗೆ ನಿಲ್ತದೆ ಅಂತ. ನಿಲ್ಲದಿದ್ದರೆ ಅವರಿಗೆ ನಾನು ಎಂತ ಹೇಳುವುದು? ಶೆಡ್ಡು ಖಾಲಿ ಮಾಡಿಸಿ ಇಟ್ಟಿದ್ದೇನೆ, ಇಲಿ ಕೂಡ ಇಲ್ಲ ಈಗ.”

ಯಂತ್ರವನ್ನು ಸರಿಮಾಡಿದರೆ ರೈಲು ಶೆಡ್ಡಿಗೆ, ಸರಿಮಾಡದಿದ್ದರೆ ತಾನು ಮೀನಿನ ಬುಟ್ಟಿಗೆ. ಪೌಲರು ಮೀನು ಕೊಯ್ಯುವ ಮೆಟ್ಟುಕತ್ತಿ ಹಿಡಿದು ಹಿಂದಿನ ಜಗಲಿಗೆ ನಡೆದರು.

ಅರ್ಧ ಗಂಟೆ ಕಳೆದು ಯಜ್ಞನಾರಾಯಣ ರಾಯರು ಬಂದರು. ಮೀನಿನ ವಾಸನೆಗೆ ಬೇಲಿಯ ಆಚೆಯೇ ನಿಂತು ಕೇಳಿದರು, “ಇವತ್ತು ಗಾಡಿ ಇಲ್ವಾ ಪೊರ್ಬುಗಳೇ? ಲೈನ್ ಕ್ಲಿಯರ್ ಸಿಗಲಿಲ್ಲವಾ?”

“ಇಲ್ಲ ರಾಯರೇ. ಇನ್ನೂ ಹದಿನೆಂಟು ಬಂಗುಡೆ ಉಂಟು.”

“ನಾನು ಆವತ್ತೇ ಹೇಳಿದ್ದೆ. ಯಂತ್ರ ಎಷ್ಟಿದ್ದರೂ ಮನುಷ್ಯರೊಬ್ಬರು ಕೊಡಬೇಕು,” ಎಂದು ರಾಯರು ಪರಮ ತೃಪ್ತಿಯಿಂದ ತಲೆಯಾಡಿಸಿದರು.

ಹದಿನೆಂಟೂ ಮುಗಿಯಿತು. ಪೌಲರು ಕೈ ತೊಳೆದು, ಬತ್ತಿ ಇಷ್ಟು ಹೊತ್ತಿಗೆ ಮುಗಿದಿರಬಹುದು ಎಂಬ ಆಸೆಯಿಂದ ಹಾಲಿಗೆ ಬಂದರು. ಸಣ್ಣ ಬತ್ತಿ ಮುಗಿದೇ ಇತ್ತು. ಅದರ ಜಾಗದಲ್ಲಿ ಮೊಳದಷ್ಟು ಉದ್ದದ, ತೋಳಿನಷ್ಟು ದಪ್ಪದ ಹೊಸ ಬತ್ತಿಯೊಂದು ಗಂಭೀರವಾಗಿ ಉರಿಯುತ್ತಿತ್ತು.

“ಮಟಿಲ್ಡಾಬಾಯಿ ಕಳಿಸಿದ್ದು,” ಎಂದು ಅಡುಗೆಮನೆಯಿಂದ ಜೆಸ್ಸಿಬಾಯಿಯ ದನಿ ಬಂತು. “ಎರಡು ದಿನ ಬರ್ತದಂತೆ. ಪೌಲ್, ತೆಂಗಿನಕಾಯಿ ತುರಿದು ಕೊಡ್ತೀರಾ?”

ಮೇಜಿನ ಮೇಲೆ ಗೇಟು ಬಿದ್ದಿತ್ತು. ಅದರ ಎದುರು, ಜೆಪ್ಪಿನ ಹಳೆಯ ಅಭ್ಯಾಸದಂತೆ, ಪೌಲ್ ಲೋಬೊ ಅವರು ಒಂದು ನಿಮಿಷ ಕಾದು ನಿಂತರು. ಆಮೇಲೆ ಕಾಯಿ ತುರಿಯಲು ಹೋದರು.